ಕನ್ನಡಿ ಕಟ್ಟುವ ಕೈ

ಗಾಜನ್ನು ಮಲಗಿಸಬಾರದು. ಕನ್ನಡಿಯಿರಲಿ, ಟೀಪಾಯಿಯ ಮೇಲಿನ ಗಾಜಿರಲಿ, ಗೋಡೆಯಗಲದ ಟಿ.ವಿ.ಯಿರಲಿ, ಊರಿಂದ ಊರಿಗೆ ಸಾಗಿಸುವಾಗ ಅಂಚಿನ ಮೇಲೆ ನಿಲ್ಲಿಸಿಯೇ ಒಯ್ಯಬೇಕು. ನಿಂತ ಗಾಜು ಗಟ್ಟಿ. ಮಲಗಿಸಿದರೆ ತನ್ನ ಭಾರಕ್ಕೆ ತಾನೇ ನಡುವೆ ಜಗ್ಗುತ್ತದೆ, ರಸ್ತೆಯ ಒಂದು ಹಂಪು ಸಾಕು, ಹೊಟ್ಟೆಯಲ್ಲಿ ಸೀಳು ಬಿಡುತ್ತದೆ. ಇದು ಹಾಲಮ್ಮನಿಗೆ ಮೂವತ್ತು ವರ್ಷದಿಂದ ಗೊತ್ತು. ಆದರೆ ಲೋಕಕ್ಕೆ ಗೊತ್ತಿಲ್ಲ. ಲೋಕ ನಾಜೂಕಾದ ವಸ್ತು ಕಂಡ ಕೂಡಲೇ ಎಳೆಗೂಸನ್ನು ಕಂಡಂತೆ ಮೆತ್ತಗಿನ ಜಾಗ ಹುಡುಕಿ ಮಲಗಿಸಲು ಹೊರಡುತ್ತದೆ. ಪೆಟ್ಟಿಗೆಯ ಮೇಲೆ ಬಾಣದ ಗುರುತು ಹಾಕಿ, ಗಾಜಿನ ಲೋಟದ ಚಿತ್ರ ಬರೆದರೂ ಅಷ್ಟೆ. ಒಮ್ಮೆ ಸಾಗರದ ಕಡೆಯ ಹಮಾಲಿಯೊಬ್ಬ ಆ ಲೋಟದ ಚಿತ್ರ ನೋಡಿ, ಒಳಗೆ ಎಣ್ಣೆ ಬಾಟಲಿ ಇದೆ ಅಂದುಕೊಂಡು ಹಲಗೆ ಕಿತ್ತಿದ್ದನಂತೆ. ಒಳಗಿದ್ದದ್ದು ಯಾರದೋ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿ. ಪಾಪ, ಅವನಿಗೆ ಅವನ ಮುಖವೇ ಸಿಕ್ಕಿತು.

ಹಾಲಮ್ಮನ ಶೆಡ್ಡು ಶಿವಮೊಗ್ಗದ ಗೋಪಾಳದಲ್ಲಿ, ಮನೆಯ ಹಿಂದೆಯೇ. ತಗಡಿನ ಮಾಡಿನ ಕೆಳಗೆ ಮರದ ರೀಪುಗಳು, ರಟ್ಟು, ಥರ್ಮಾಕೋಲು, ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕು, ಮೂಲೆಯಲ್ಲಿ ಒಂದು ಹೊರೆ ಅಡಿಕೆ ಹಾಳೆ. ಹಾಳೆಯನ್ನು ನೀರಲ್ಲಿ ನೆನೆಸಿ ಮಡಿಸಿ ಗಾಜಿನ ನಾಲ್ಕೂ ಮೂಲೆಗೆ ಟೋಪಿಯಂತೆ ತೊಡಿಸಿದರೆ, ಒಣಗಿದ ಮೇಲೆ ಅದು ಮೂಲೆಯನ್ನು ಕಚ್ಚಿ ಹಿಡಿಯುತ್ತದೆ. ಆ ಯೋಚನೆ ಅವಳದೇ. ಗಾಜಿಗೆ ಮೊದಲು ತೆಳು ಕಾಗದ, ಆಮೇಲೆ ಹಾಳೆ, ಆಮೇಲೆ ಗುಳ್ಳೆ ಪ್ಲಾಸ್ಟಿಕ್ಕು, ರಟ್ಟು, ಅಂಚಿಗೆ ಥರ್ಮಾಕೋಲಿನ ಪಟ್ಟಿ. ಇಷ್ಟು ಅವಳು ಮುಗಿಸಿದ ಮೇಲೆ ಗಂಡ ಗೋವಿಂದಯ್ಯ ಬಂದು ಸುತ್ತ ರೀಪಿನ ಚೌಕಟ್ಟು ಕೂರಿಸಿ ಮೊಳೆ ಹೊಡೆಯುತ್ತಿದ್ದ. ಒಳಗಿನದು ಮುಚ್ಚಿಹೋಗುತ್ತಿತ್ತು, ಹೊರಗಿನದು ಕಾಣುತ್ತಿತ್ತು. ಹಾಗಾಗಿ ಊರಿನ ಕಣ್ಣಿಗೆ ಅದು ಗೋವಿಂದಯ್ಯನ ಪೆಟ್ಟಿಗೆ, ಗೋವಿಂದಯ್ಯನ ಕೈಗುಣ.

ಕೈಗುಣ ನಮ್ಮ ಕಡೆ ದೊಡ್ಡ ಮಾತು. ಒಬ್ಬಳು ಚುಚ್ಚಿದ ಸಸಿ ಚಿಗುರುತ್ತದೆ, ಪಕ್ಕದವಳದು ಬಾಡುತ್ತದೆ. ಒಬ್ಬ ಡಾಕ್ಟರ ಹತ್ತಿರ ಹೋದರೆ ಬಾಗಿಲಲ್ಲೇ ಜ್ವರ ಬಿಡುತ್ತದೆ, ಇನ್ನೊಬ್ಬರ ಹತ್ತಿರ ಹೋದರೆ ಇಲ್ಲದ ಕಾಯಿಲೆಯೂ ಅಂಟುತ್ತದೆ. ಗೋವಿಂದಯ್ಯ ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಗಾಜು ಒಡೆದದ್ದೇ ಇಲ್ಲ ಅನ್ನುವುದು ಗಾಂಧಿ ಬಜಾರಿನ ಕನ್ನಡಿ ಅಂಗಡಿಗಳಲ್ಲಿ ಗಾದೆಯೇ ಆಗಿತ್ತು. ಅವನ ಕೈಗುಣದಲ್ಲಿ ಅರ್ಧ ಬಾಯಿಯದ್ದು ಅನ್ನುವುದು ಹೆಂಡತಿಗೆ ಮಾತ್ರ ಗೊತ್ತಿತ್ತು. ಪೆಟ್ಟಿಗೆಯ ಹಿಂದೆಯೇ ಪಾರ್ಸೆಲ್ ಆಫೀಸಿಗೆ ಹೋಗಿ, ಲಾರಿಯ ಬಾಗಿಲು ಹಾಕುವ ತನಕ ನಿಂತು, "ನಿಲ್ಸ್ರೋ, ಒರಗ್ಸ್ರೋ, ಬಿಗಿಯಾಗಿ ಕಟ್ರೋ" ಅಂತ ಹಮಾಲಿಗಳ ತಲೆ ತಿಂದು ಬರುತ್ತಿದ್ದ. ಬೈಸಿಕೊಂಡವರೇ ಅವನಿಗೆ ಟೀ ಕುಡಿಸುತ್ತಿದ್ದರು. ಅಂಥ ಮನುಷ್ಯ.

ಹೋದ ವರ್ಷ ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಹಾಲಮ್ಮ ಅತ್ತಳು, ಬಂದವರು ಅಳಬೇಕಾದಷ್ಟು ಅಳಲು ಬಿಡಲಿಲ್ಲ, ಕಾರ್ಯ ಮುಗಿಯಿತು. ಆಮೇಲೆ ಸುತ್ತಿಗೆಯನ್ನೂ ತಾನೇ ಹಿಡಿದಳು. ಮೊಳೆ ಹೊಡೆಯುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಅಂತ ಅವಳಿಗೆ ಮೂವತ್ತು ವರ್ಷದಿಂದ ಅನುಮಾನವಿತ್ತು, ಈಗ ಖಾತ್ರಿಯಾಯಿತು. ಮೊದಲ ಕೆಲವು ಪೆಟ್ಟಿಗೆಗಳು ಕೂದಲೂ ಕೊಂಕದೆ ಹೋಗಿ ಸೇರಿದವು. ಪಕ್ಕದ ಮನೆಯ ಮಾಸ್ತಮ್ಮ ಅದಕ್ಕೂ ಕಾರಣ ಹೇಳಿದಳು: "ಅವು ಗೋವಿಂದಯ್ಯನೇ ಕೊಯ್ದಿಟ್ಟಿದ್ದ ರೀಪು ಕಣೆ. ಅವನ ಕೈ ತಾಗಿದ್ದಲ್ವಾ."

ಆ ಹೊತ್ತಿಗೆ ಹಾಲಮ್ಮನ ಅಣ್ಣನ ಮಗ ಸುದರ್ಶನ ಒಂದು ಉಪಾಯ ತಂದ. ಅವನದು ದುರ್ಗಿಗುಡಿಯಲ್ಲಿ ಫ್ಲೆಕ್ಸು, ಸ್ಟಿಕ್ಕರು ಮುದ್ರಿಸುವ ಅಂಗಡಿ. ಮಾವನ ಶ್ರದ್ಧಾಂಜಲಿ ಫ್ಲೆಕ್ಸಿಗೆ ಹಾಕಿದ ಫೋಟೋವನ್ನೇ ಅಂಗೈಗಿಂತ ದೊಡ್ಡ ಸ್ಟಿಕ್ಕರ್ ಮಾಡಿ, ಕೆಳಗೆ ‘ಗೋವಿಂದಯ್ಯ ಪ್ಯಾಕಿಂಗ್ಸ್, ಗೋಪಾಳ’ ಅಂತ ಹಾಕಿ ಒಂದು ಕಟ್ಟು ತಂದುಕೊಟ್ಟ.

"ಅತ್ತೆ, ಈಗಿನ ಕಾಲಕ್ಕೆ ಒಂದು ಗುರುತು ಬೇಕು. ಮಾವನ ಮುಖ ನೋಡಿದ್ರೆ ಹೆಸರು ಓದೋದೇ ಬೇಡ."

ಫೋಟೋ ಯಾರದೋ ಮದುವೆಯಲ್ಲಿ ತೆಗೆದದ್ದು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಹೋಳಿಗೆ ತಿಂದು ಎದ್ದ ಮೇಲಿನ ಸಣ್ಣ ನಗು. ಹಾಲಮ್ಮನಿಗೆ ಗುರುತಿನ ಗೊಡವೆ ಬೇಕಿರಲಿಲ್ಲ, ಆದರೆ ಆ ಮುಖ ಬೇಕಿತ್ತು. ಪೆಟ್ಟಿಗೆ ಕಟ್ಟಿ ಮುಗಿದ ಮೇಲೆ ಅಗಲ ಬದಿಯ ನಟ್ಟನಡುವೆ ಸ್ಟಿಕ್ಕರ್ ಅಂಟಿಸಿ, ಸೆರಗಿನಿಂದ ಒಮ್ಮೆ ಮುಖ ಒರೆಸಿ, "ಹೋಗಿ ಬನ್ನಿ" ಅಂತ ಮನಸ್ಸಿನಲ್ಲೇ ಅಂದು ಕಳಿಸುವಳು. ಗಂಡ ಎಂದಿನಂತೆ ಬೆಳಿಗ್ಗೆ ಕೆಲಸಕ್ಕೆ ಹೊರಟ ಹಾಗೆ ಆಗುತ್ತಿತ್ತು. ಅಷ್ಟು ಸಮಾಧಾನ ಇಲ್ಲದಿದ್ದರೆ ಆ ವರ್ಷವನ್ನು ಅವಳು ದಾಟುತ್ತಿದ್ದಳೋ ಇಲ್ಲವೋ.

ಅಲ್ಲಿಂದಾಚೆಗೆ ಗಾಜು ಒಡೆಯತೊಡಗಿತು.

ಮೊದಲು ಒಂದು ಟೀಪಾಯಿ ಗಾಜು. ಆಮೇಲೆ ಜನ್ನಾಪುರದ ಒಬ್ಬರ ಮನೆಯ ಗಾಜಿನ ಬಾಗಿಲು. ಎಲ್ಲವೂ ಹೊರಗಿನಿಂದ ನೋಡಿದರೆ ಒಂದು ಗೀಚೂ ಇಲ್ಲದ ಪೆಟ್ಟಿಗೆ, ಒಳಗೆ ನೋಡಿದರೆ ನಡುವಿನಿಂದ ಹೊರಟ ಸೀಳು. ಮೂಲೆಗಳು ಹಾಳೆಯ ಟೋಪಿ ತೊಟ್ಟು ಏನೂ ಆಗದವರಂತೆ ಕೂತಿರುತ್ತಿದ್ದವು. ಹಾಲಮ್ಮ ರಟ್ಟನ್ನು ಒಂದು ಪದರ ಹೆಚ್ಚಿಸಿದಳು, ಥರ್ಮಾಕೋಲು ದಪ್ಪ ಮಾಡಿದಳು. ಸಾಗಿಸುವವರನ್ನೂ ಕೇಳಿದಳು. ಪಾರ್ಸೆಲ್ ಆಫೀಸಿನ ಹಿರಿಯ ಹಮಾಲಿ ಜನಾರ್ದನ ಗೋವಿಂದಯ್ಯನ ಆಪ್ತ ಗೆಳೆಯ, ಹೆಣಕ್ಕೆ ಹೆಗಲು ಕೊಟ್ಟವನು. ಫೋನಿನಲ್ಲಿ ಅವನ ದನಿಯೇ ನೊಂದಿತ್ತು.

"ಅತ್ತಿಗೆ, ಬೇರೆಯವರ ಮಾಲಿನ ಮಾತು ಬಿಡಿ. ಗೋವಿಂದಣ್ಣನ ಪೆಟ್ಟಿಗೆ ಅಂದ್ರೆ ನಾವು ಹೂವಿನ ಹಾಗೆ ತಗೊಂಡು ಹೋಗ್ತೀವಿ. ನನ್ನ ಮಾತು ನಂಬಿ."

ಅವಳು ನಂಬಿದಳು, ಅವನು ಸುಳ್ಳು ಹೇಳುವವನಲ್ಲ. ಸಾಗಿಸುವವರ ತಪ್ಪಿಲ್ಲ, ಗಾಜಿನ ತಪ್ಪಿಲ್ಲ, ಹಾಗಾದರೆ ಉಳಿದದ್ದು ತನ್ನ ಕೈಯೊಂದೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವಂತೆ ಗಂಡ ಹೋದದ್ದೂ ಗಾಜು ಒಡೆದದ್ದೂ ಒಟ್ಟಿಗೇ ಆಗಿದ್ದರಿಂದ, ಊರಿನ ಬಾಯಿಗೆ ಬೇರೆ ಕೆಲಸವೇ ಇರಲಿಲ್ಲ. ಗಂಡ ಸತ್ತವಳ ಕೈ ಅಂತ ಮಾಸ್ತಮ್ಮ ಹಿತ್ತಲಲ್ಲಿ ಯಾರಿಗೋ ಹೇಳಿದ್ದು ತಗಡಿನ ಈಚೆಗೆ ಚೆನ್ನಾಗಿಯೇ ಕೇಳಿಸಿತು.

ಇಷ್ಟಾದರೂ ಕೈಬಿಡದೆ ಇದ್ದವರು ಅಬ್ಬಾಸ್ ಅಲಿ ಸಾಹೇಬರು. ಗಾಂಧಿ ಬಜಾರಿನಲ್ಲಿ ಅವರದು ತಂದೆಯ ಕಾಲದ ಕನ್ನಡಿ ಅಂಗಡಿ. ಅವರ ಮಗಳು ಅತೀಕಾಳನ್ನು ಭದ್ರಾವತಿಗೆ ಕೊಟ್ಟಿತ್ತು. ಅವಳು ಅಲ್ಲಿನ ಹೊಸಮನೆ ಬಡಾವಣೆಯಲ್ಲಿ ಹೆಂಗಸರಿಗೆ ಒಂದು ಬ್ಯೂಟಿ ಪಾರ್ಲರ್ ತೆರೆಯಲು ಹೊರಟಿದ್ದಳು. ಅಪ್ಪನ ಕಡೆಯಿಂದ ಗೋಡೆಯುದ್ದದ ಒಂದೇ ತುಂಡಿನ ಕನ್ನಡಿ. ಅದನ್ನು ಹಾಲಮ್ಮನೇ ಕಟ್ಟಿದಳು. ಭದ್ರಾವತಿಯಲ್ಲಿ ಬಿಚ್ಚಿ ನೋಡಿದರೆ ನಡುವೆ ಸೀಳು. ಸಾಹೇಬರು ಏನೂ ಅನ್ನದೆ ಇನ್ನೊಂದು ಕಳಿಸಿದರು. ಅದೂ ಹೋಯಿತು.

ಎರಡನೆಯದು ಒಡೆದ ಮಾರನೇ ದಿನ ಸಾಹೇಬರ ಹೆಂಡತಿ ಕರೀಮಾಬಿ ತಾನೇ ಆಟೋ ಮಾಡಿಕೊಂಡು ಗೋಪಾಳಕ್ಕೆ ಬಂದಳು. ಕರೀಮಾಬಿ ಕೆಟ್ಟವಳಲ್ಲ. ಗೋವಿಂದಯ್ಯ ಸತ್ತಾಗ ಮನೆಗೆ ಬಂದು ಹಾಲಮ್ಮನ ಪಕ್ಕ ಬಹಳ ಹೊತ್ತು ಕೂತು ಹೋದವಳು. ಈ ಸಲವೂ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು, ಕೊಟ್ಟ ಟೀ ಕುಡಿದು, ಆಮೇಲೆ ಮೆಲ್ಲಗೆ ಮಾತು ತೆಗೆದಳು.

"ನೋಡಿ ಹಾಲಮ್ಮ, ಹೊಸ ಅಂಗಡಿ. ಬಾಗಿಲು ತೆರೆಯೋ ಮೊದಲೇ ಎರಡೆರಡು ಸಲ ಕನ್ನಡಿ ಒಡೆದ್ರೆ ಮಗಳ ಅತ್ತೆ ಮನೆಯವರು ಏನಂತಾರೆ? ಅವರ ಕಡೆ ಆಗಲೇ ಪಿಸಪಿಸ ಶುರುವಾಗಿದೆ. ಸಾಹೇಬರು ಬಾಯಿ ಬಿಟ್ಟು ಹೇಳಲ್ಲ, ಅದಕ್ಕೆ ನಾನು ಬಂದೆ. ಕೈಗುಣ ಅಂತ ಒಂದು ಇರುತ್ತೆ. ಅದು ನಿಮ್ಮ ತಪ್ಪಲ್ಲ. ಅಲ್ಲಾ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿರ್ತಾನೆ."

ಬೈದಿದ್ದರೆ ಹಾಲಮ್ಮ ತಿರುಗಿ ಬೈಯುತ್ತಿದ್ದಳು. ಪ್ರೀತಿಯಿಂದ ಅಂದದ್ದು ನೆಟ್ಟಗೆ ಒಳಗೆ ಹೋಗಿ ಕೂತಿತು. ಯಾಕೆಂದರೆ ಅದನ್ನೇ ಅವಳು ತಿಂಗಳುಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹಸಿ ಹಾಳೆ ಮಡಿಸುತ್ತಿದ್ದ ಕೈಯನ್ನು ಅವಳು ಮಡಿಲಿನಲ್ಲಿ ಮುಚ್ಚಿಟ್ಟುಕೊಂಡಳು.

"ಮೂರನೇದೂ ನಾನೇ ಕಟ್ತೀನಿ ಕರೀಮಾಬಿ," ಅಂದಳು. "ಅದೂ ಒಡೆದ್ರೆ ನೀವು ಹೇಳೋದೇ ಬೇಡ. ಸುತ್ತಿಗೆ ಕೆಳಗಿಟ್ಟು ಶೆಡ್ಡಿಗೆ ಬೀಗ ಹಾಕ್ತೀನಿ. ಆಮೇಲೆ ಯಾರ ಗಾಜನ್ನೂ ಮುಟ್ಟಲ್ಲ."

ಕರೀಮಾಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎದ್ದಳು. ಶುಕ್ರವಾರ ಸಂಜೆ ಅಂಗಡಿ ತೆರೆಯುವುದು ಅಂತ ಎಲ್ಲರಿಗೂ ಹೇಳಿಯಾಗಿತ್ತು. ಹೊಸ ಕನ್ನಡಿ ಸಾಹೇಬರ ಅಂಗಡಿಗೆ ಬಂದದ್ದೇ ಗುರುವಾರ ಬೆಳಿಗ್ಗೆ. ಹಾಗಾಗಿ ಶುಕ್ರವಾರ ಬೆಳಗಿನ ಲಾರಿಗೇ ಹೋಗಬೇಕು. ಇದು ಕೈಕೊಟ್ಟರೆ ಇನ್ನೊಂದಕ್ಕೆ ಹೊತ್ತೂ ಇಲ್ಲ.

ಗುರುವಾರ ಇಡೀ ದಿನ ಹಾಲಮ್ಮ ಆ ಕನ್ನಡಿಯ ಜೊತೆಗಿದ್ದಳು. ಮಗಳಿಗೆ ಎಣ್ಣೆ ಹಚ್ಚಿ ಜಡೆ ಹೆಣೆದ ಹಾಗೆ ಒಂದೊಂದೇ ಪದರ ಸುತ್ತಿದಳು. ಮಕ್ಕಳಿಲ್ಲದ ಅವಳಿಗೆ ಜಡೆ ಹೆಣೆದ ಅಭ್ಯಾಸ ಇಲ್ಲ, ಆದರೆ ಹಾಗೆ ಇರಬೇಕು ಅಂದುಕೊಂಡಳು. ಕೈ ಎಲ್ಲೂ ತಡವರಿಸಲಿಲ್ಲ. ಈ ಕೈಯಲ್ಲಿ ಏನು ಕೆಟ್ಟದ್ದಿದೆ ಅಂತ ನಡುವೆ ಎರಡು ಸಲ ಅಂಗೈ ತಿರುಗಿಸಿ ನೋಡಿಕೊಂಡಳು. ಕೊನೆಗೆ ರೀಪು ಕೂರಿಸಿ, ಮೊಳೆ ಹೊಡೆದು, ಸ್ಟಿಕ್ಕರ್ ಅಂಟಿಸಿ, ಮುಖ ಒರೆಸಿದಳು. ಈ ಸಲ "ಹೋಗಿ ಬನ್ನಿ" ಅನ್ನಲಿಲ್ಲ. "ನನ್ನ ಮರ್ಯಾದೆ ಉಳಿಸಿ" ಅಂದಳು.

ಬೆಳಿಗ್ಗೆ ತೌಹೀದ್ ಲಗೇಜ್ ಆಟೋ ತಂದ. ಶೆಡ್ಡಿನಿಂದ ಪಾರ್ಸೆಲ್ ಆಫೀಸಿನ ತನಕ ಯಾವಾಗಲೂ ಅವನದೇ ಗಾಡಿ. ಪೆಟ್ಟಿಗೆಯನ್ನು ಉದ್ದಬದಿ ಕೆಳಗೆ ಮಾಡಿ ನಿಲ್ಲಿಸಿ, ಎರಡೂ ಕಡೆ ಹಗ್ಗ ಬಿಗಿದ. ಎಲ್ಲ ಸರಿಯಾಗಿಯೇ ಇತ್ತು. ಅವನು ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಹಾಲಮ್ಮನಿಗೆ ಮನೆಯೊಳಗೆ ಕಾಲು ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ತಡಿಯಪ್ಪಾ, ನಾನೂ ಬರ್ತೀನಿ" ಅಂತ ಅವನ ಪಕ್ಕ ಹತ್ತಿ ಕೂತಳು. ಗಂಡ ಹೋದ ಮೇಲೆ ಅವಳು ಪಾರ್ಸೆಲ್ ಆಫೀಸಿನ ಕಡೆ ತಲೆ ಹಾಕಿದ್ದೇ ಇಲ್ಲ. ಅವನು ನಿಲ್ಲುತ್ತಿದ್ದ ಜಾಗ ಬರಿದಾಗಿರುವುದನ್ನು ನೋಡಬೇಕಾಗುತ್ತದಲ್ಲ ಅಂತ.

ಗಾರ್ಡನ್ ಏರಿಯಾದ ಪಾರ್ಸೆಲ್ ಆಫೀಸಿನ ಓಣಿಯಲ್ಲಿ ಲಾರಿ ಆಗಲೇ ಅರ್ಧ ತುಂಬಿತ್ತು. ಬಟ್ಟೆಯ ಗಂಟುಗಳು, ಮೆಣಸಿನಕಾಯಿ ಮೂಟೆ, ಫ್ಯಾನಿನ ಡಬ್ಬಗಳು. ತೌಹೀದ್ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಿದ. ಹಾಲಮ್ಮ ಇಳಿದು, ಹೆಂಗಸೊಬ್ಬಳು ಅಡ್ಡ ನಿಂತರೆ ಕೆಲಸ ಕೆಡುತ್ತದೆ ಅಂತ ಗೋಡೆಯ ಬದಿಗೆ, ಮೂಟೆಗಳ ಮರೆಗೆ ಸರಿದಳು. ಪೆಟ್ಟಿಗೆ ಕೆಳಗಿಳಿಯಿತು. ಜನಾರ್ದನ ಹತ್ತಿರ ಬಂದ. ಹೆಗಲ ಟವೆಲ್ಲು ತೆಗೆದು ಕೈ ಒರೆಸಿಕೊಂಡು ಫೋಟೋದ ಮೇಲೆ ಅಂಗೈ ಇಟ್ಟ.

"ಬಂದ್ಯಾ ಗೋವಿಂದಣ್ಣ," ಅಂದ. "ಎಲ್ಲಿಗೆ ಇವತ್ತು? ಭದ್ರಾವತಿಗಾ? ಬಾ."

ನಾಲ್ಕು ಜನ ಸೇರಿ ಪೆಟ್ಟಿಗೆಯನ್ನು ಲಾರಿಗೆ ಏರಿಸಿದರು. ಒಬ್ಬ ಅದನ್ನು ಬದಿಯ ಹಲಗೆಗೆ ಒರಗಿಸಿ ನಿಲ್ಲಿಸಿ, ಆತುಕೊಳ್ಳಲಿ ಅಂತ ಮೆಣಸಿನಕಾಯಿ ಮೂಟೆಯನ್ನು ಅದಕ್ಕೆ ಒತ್ತಿಡಲು ಹೋದ. ಅದೇ ಸರಿಯಾದ ಕೆಲಸ. ಜನಾರ್ದನ ಅವನ ಕೈ ಹಿಡಿದ.

"ಕಣ್ಣು ಕಾಣಲ್ವೇನೋ ಮಾರಾಯ? ಅವನ ಮುಖದ ಮೇಲೆ ಮೆಣಸಿನಕಾಯಿ ಮೂಟೆ ಒರಗಿಸ್ತೀಯಾ? ಸತ್ತವನು ಅಂತ ಅಷ್ಟು ಸದರನಾ? ಮೇಲೆ ಮಲಗಿಸು. ಎಂದಿನ ಜಾಗಕ್ಕೆ."

ಎಂದಿನ ಜಾಗ ಅಂದರೆ ಎಲ್ಲ ಸಾಮಾನಿನ ತುತ್ತತುದಿ. ಬಟ್ಟೆಯ ಗಂಟುಗಳನ್ನು ಹಾಸಿಗೆಯಂತೆ ಜೋಡಿಸಿ, ಅದರ ಮೇಲೆ ಪೆಟ್ಟಿಗೆಯನ್ನು ಅಂಗಾತ ಮಲಗಿಸಿದರು, ಮುಖ ಆಕಾಶಕ್ಕೆ. ಯಾರ ಕಾಲೂ ತಾಗದಂತೆ, ಯಾವ ಮೂಟೆಯೂ ಮೈಮೇಲೆ ಬೀಳದಂತೆ. ಜನಾರ್ದನ ಲಾರಿಯ ದೇವರ ಪಟಕ್ಕೆ ಹಾಕಿದ್ದ ಸೇವಂತಿಗೆಯಲ್ಲಿ ಒಂದನ್ನು ಕಿತ್ತು ಫೋಟೋದ ತಲೆಯ ಹತ್ತಿರ ರೀಪಿನ ಸಂದಿಗೆ ಸಿಕ್ಕಿಸಿದ. ಆಮೇಲೆ ಹಗ್ಗ ಕಟ್ಟುತ್ತಾ ಕೆಳಗಿದ್ದವನಿಗೆ ಹೇಳಿದ, "ಬದುಕಿದಷ್ಟು ದಿನ ನಮ್ಮ ಜೊತೆ ಬಿಸಿಲಲ್ಲಿ ನಿಂತೇ ಇದ್ದ. ಈಗಲಾದ್ರೂ ಆರಾಮಾಗಿ ಗಾಳಿ ತಗೊಂಡು ಹೋಗಲಿ."

ಮರೆಯಲ್ಲಿ ನಿಂತಿದ್ದ ಹಾಲಮ್ಮ ಒಂದು ಮೂಟೆಯ ಮೇಲೆ ಕೂತಳು.

ನಡುವಿನಿಂದ ಹೊರಟ ಸೀಳು, ಗೀಚಿಲ್ಲದ ಪೆಟ್ಟಿಗೆ, ಏನೂ ಆಗದ ಮೂಲೆ, ಎಲ್ಲ ಒಂದೇ ಸಲಕ್ಕೆ ತಿಳಿಯಿತು. ಮೆತ್ತನೆಯ ಗಂಟಿನ ಮೇಲೆ ಮಲಗಿದ ಗಾಜು ಮಾಚೇನಹಳ್ಳಿ ದಾಟುವುದರೊಳಗೆ ಹೊಟ್ಟೆ ಬಿರಿದುಕೊಳ್ಳದೆ ಇನ್ನೇನು ಮಾಡೀತು? ಬರಿ ಪೆಟ್ಟಿಗೆಗಳು ನಿಂತೇ ಹೋಗಿದ್ದವು, ಮುಖ ಅಂಟಿದ ಮೇಲೆ ಇವರ ಕಣ್ಣಿಗೆ ಒಳಗಿನ ಗಾಜು ಕಾಣಲೇ ಇಲ್ಲ. ತನ್ನ ಕೈ ತಪ್ಪಿರಲಿಲ್ಲ. ಒಂದು ದಿನವೂ ತಪ್ಪಿರಲಿಲ್ಲ. ಅವಳಿಗೆ ಕುಣಿಯಬೇಕು ಅನ್ನಿಸಬೇಕಿತ್ತು, ಅಳು ಬಂತು. ಗಾಜು ಒಡೆದದ್ದು ಅಜಾಗರೂಕತೆಯಿಂದಲ್ಲ, ಗಂಡನ ಮೇಲಿನ ಪ್ರೀತಿಯಿಂದ. ಇಡೀ ಊರಿನಲ್ಲಿ ಅವನನ್ನು ಇನ್ನೂ ಹೆಸರಿಟ್ಟು ಕರೆದು ಮಾತಾಡಿಸುವ ಮನುಷ್ಯ ಅದೋ ಅಲ್ಲಿ ಲಾರಿಯ ಮೇಲೆ ಹಗ್ಗ ಬಿಗಿಯುತ್ತಿದ್ದಾನೆ. ಅವನಿಗೆ ಏನಂತ ಹೇಳುವುದು? ನಿನ್ನ ಪ್ರೀತಿಯೇ ನನ್ನ ಮನೆ ಹಾಳು ಮಾಡಿತು ಅಂತಲೇ? ಕೇಳಿದರೆ ಆ ಮನುಷ್ಯ ಉಳಿಯುತ್ತಾನೆಯೇ? ಹೇಳದಿದ್ದರೆ ಮೂರನೇ ಕನ್ನಡಿಯೂ ಹೋಗುತ್ತದೆ, ಶೆಡ್ಡಿಗೆ ಬೀಗ ಬೀಳುತ್ತದೆ, ಕೆಟ್ಟ ಕೈಯವಳು ಅನ್ನಿಸಿಕೊಂಡೇ ಸಾಯಬೇಕು. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಡ್ರೈವರು ಹಾರ್ನು ಹೊಡೆದ. ಹಾಲಮ್ಮ ಎದ್ದಳು.

"ಜನಾರ್ದನಪ್ಪಾ, ಆ ಪೆಟ್ಟಿಗೆ ಸ್ವಲ್ಪ ಕೆಳಗಿಳಿಸು."

ಜನಾರ್ದನ ತಿರುಗಿ ನೋಡಿ ಬೆಚ್ಚಿದ. ಪೆಟ್ಟಿಗೆಯ ಜೊತೆ ತಾನು ಮಾತಾಡಿದ್ದನ್ನು ಇವಳು ಕೇಳಿಸಿಕೊಂಡಳೇ ಅನ್ನುವ ನಾಚಿಕೆಗೆ ಏನೂ ಕೇಳದೆ ಹಗ್ಗ ಬಿಚ್ಚಿದ. ಪೆಟ್ಟಿಗೆ ಕೆಳಗೆ ಬಂದು ನಿಂತಿತು. ಹಾಲಮ್ಮ ಸೇವಂತಿಗೆ ತೆಗೆದು ಮುಡಿಯಲಾರದೆ, ಎಸೆಯಲಾರದೆ, ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಆಫೀಸಿನ ಮಡಕೆಯಿಂದ ನೀರು ತಂದು ಸ್ಟಿಕ್ಕರಿನ ಮೇಲೆ ಹಚ್ಚಿ, ಮೂಲೆಯಿಂದ ಉಗುರು ಹಾಕಿ ಎಬ್ಬಿಸತೊಡಗಿದಳು.

"ಏನ್ ಮಾಡ್ತಿದೀರಾ ಅತ್ತಿಗೆ?"

"ಅವರಿಗೆ ಓಡಾಟ ಸಾಕಪ್ಪ," ಅಂದಳು ಹಾಲಮ್ಮ, ತಲೆ ಎತ್ತದೆ. "ವರ್ಷ ಆಯ್ತು, ಇನ್ನೂ ಬೆಳಗಾದ್ರೆ ಲಾರಿ ಹತ್ತಿಸಿ ಕಳಿಸ್ತಾನೇ ಇದ್ದೀನಿ. ನಾನೇ ಬಿಟ್ಟಿರಲಿಲ್ಲ. ಇನ್ನು ಮನೇಲಿ ಕೂತ್ಕೊಳ್ಳಲಿ."

ಸುದರ್ಶನ ಒಳ್ಳೆಯ ಅಂಟು ಹಾಕಿಸಿದ್ದ. ಹಣೆ ಬಂತು, ಒಂದು ಕಣ್ಣು ಬಂತು, ನಗು ಬರಲೊಲ್ಲದು. ಬಿಳಿ ಅಂಗಿ ಚೂರುಚೂರಾಗಿ ಉಗುರಿಗೆ ಸಿಕ್ಕಿತು. ಸುತ್ತ ನಿಂತಿದ್ದ ಹಮಾಲಿಗಳು ಮುಖ ಆಚೆ ತಿರುಗಿಸಿಕೊಂಡರು. ಗಂಡನ ಮುಖವನ್ನು ತನ್ನ ಕೈಯಾರೆ ಕೆರೆಯುವುದು ಎಂಥ ಕೆಲಸ ಅಂತ ಮಾಡಿದವಳಿಗೇ ಗೊತ್ತು. ಕೊನೆಯ ಚೂರು ಹೋಗುವ ತನಕ ಅವಳು ನಿಲ್ಲಿಸಲಿಲ್ಲ.

"ಮತ್ತೆ ಇದು ಯಾರ ಪೆಟ್ಟಿಗೆ ಈಗ?" ಜನಾರ್ದನ ಕೇಳಿದ.

"ನಂದು. ಹಲಗೆಗೆ ಒರಗಿಸಿ ನಿಲ್ಲಿಸು. ಆ ಮೆಣಸಿನಕಾಯಿ ಮೂಟೆ ತಂದು ಒತ್ತು. ಅದರ ಪಕ್ಕ ಇನ್ನೊಂದು ಒತ್ತು."

"ನಿಮ್ಮ ಪೆಟ್ಟಿಗೆ ಮೇಲೆ ಮೂಟೆ ಒರಗಿಸೋದಾ ಅತ್ತಿಗೆ?"

"ಒರಗಿಸು ಮಾರಾಯ. ಶಂಕರಘಟ್ಟದ ತಂಗಿ ಮನೆಗೆ ಯೂನಿವರ್ಸಿಟಿ ಹುಡುಗ್ರು ತುಂಬಿದ ಬಸ್ಸಲ್ಲಿ ನಿಂತ್ಕೊಂಡೇ ಹೋಗಿ ಬಂದವಳು ನಾನು. ಸುತ್ತ ಒತ್ತಿ ನಿಂತ್ರೆ ಬೀಳೋದೇ ಇಲ್ಲ. ಜಾಗ ಬಿಟ್ರೇ ಕಷ್ಟ."

ಯಾರೋ ನಕ್ಕರು. ಪೆಟ್ಟಿಗೆ ನಿಂತಿತು, ಮೂಟೆಗಳು ಒತ್ತಿಕೊಂಡವು, ಹಗ್ಗ ಬಿಗಿಯಿತು. ಜನಾರ್ದನ ಲಾರಿಯಿಂದ ಇಳಿದು, ಮೇಲೆ ಖಾಲಿಯಾದ ಬಟ್ಟೆ ಗಂಟಿನ ಹಾಸಿಗೆಯನ್ನು ಒಮ್ಮೆ ನೋಡಿದ, ನಿಂತ ಪೆಟ್ಟಿಗೆಯನ್ನು ಒಮ್ಮೆ ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಅತ್ತಿಗೆ... ಒಡೆದದ್ದು ನಮ್ಮಿಂದನಾ?"

ಹಾಲಮ್ಮ ಅವನನ್ನು ನೋಡಿದಳು. ಹೂಂ ಅಂದರೆ ಸತ್ಯ. ಆದರೆ ಸತ್ಯಕ್ಕೆ ಅವತ್ತು ಅವಳ ಹತ್ತಿರ ಕೆಲಸವಿರಲಿಲ್ಲ.

"ಒಡೆಯೋದು ಒಡೀತು ಬಿಡಪ್ಪ. ಇನ್ನು ಮುಂದೆ ಅವರು ನಿಂತು ಹೇಳ್ತಿದ್ರಲ್ಲ, ಅದನ್ನ ನಾನು ಬಂದು ನಿಂತು ಹೇಳ್ತೀನಿ. ಬೈದ್ರೆ ಬೇಜಾರು ಮಾಡ್ಕೋಬೇಡಿ."

"ಬೈಯ್ರಿ ಅತ್ತಿಗೆ," ಅಂದ ಜನಾರ್ದನ, ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಬೈಸಿಕೊಂಡು ಬಹಳ ದಿನ ಆಯ್ತು."

ಲಾರಿಯ ಮುಂದಿನ ಸೀಟಿನಲ್ಲಿ ಕೂತು ಹಾಲಮ್ಮ ಭದ್ರಾವತಿಗೆ ಹೋದಳು. ಬಿ.ಎಚ್. ರಸ್ತೆಯ ಒಂದೊಂದು ಹಂಪು ಬಂದಾಗಲೂ ಅವಳ ಜೀವ ಹಿಂದಕ್ಕೆ ಹೋಗಿ ಪೆಟ್ಟಿಗೆಯನ್ನು ಹಿಡಿದುಕೊಂಡು ಬರುತ್ತಿತ್ತು. ನಿಲ್ಲಿಸಿದ್ದು ಸರಿ, ಒತ್ತಿದ್ದು ಸರಿ. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಹುಳ ಇತ್ತು. ಈಗಲೂ ಒಡೆದರೆ? ಇನ್ನು ಮಲಗಿಸಿದರು ಅನ್ನುವ ಹಾಗಿಲ್ಲ, ಗಂಡನ ಮುಖವನ್ನೂ ಕಿತ್ತಾಯಿತು. ಈ ಸಲ ಒಡೆದರೆ ಅದು ಕೈಯೇ.

ಹೊಸಮನೆಯಲ್ಲಿ ಅತೀಕಾಳ ಪಾರ್ಲರಿನ ಮುಂದೆ ಚಪ್ಪರ ಹಾಕಿತ್ತು. ಒಳಗೆ ಅವಳ ಅತ್ತೆ ಮನೆಯ ಹೆಂಗಸರು ತುಂಬಿದ್ದರು. ಅಬ್ಬಾಸ್ ಅಲಿ ಸಾಹೇಬರು ಬಾಗಿಲ ಹೊರಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಪೆಟ್ಟಿಗೆ ಒಳಗೆ ಹೋಯಿತು. ಬಿಚ್ಚಲು ಹೋದ ಅತೀಕಾಳ ಗಂಡನ ಕೈಯಿಂದ ಹಾಲಮ್ಮ ಸುತ್ತಿಗೆ ತೆಗೆದುಕೊಂಡಳು. ಮೊಳೆ ಕಿತ್ತಳು, ರೀಪು ತೆಗೆದಳು, ರಟ್ಟು, ಪ್ಲಾಸ್ಟಿಕ್ಕು, ಹಾಳೆಯ ಟೋಪಿಗಳು. ಕೊನೆಯ ತೆಳು ಕಾಗದ ಉಳಿದಾಗ ಅವಳಿಗೆ ಕೈ ಬರಲಿಲ್ಲ. ಕರೀಮಾಬಿ ತಾನೇ ಮುಂದೆ ಬಂದು, ಬಾಯಲ್ಲಿ ಏನೋ ಹೇಳಿಕೊಳ್ಳುತ್ತ ಕಾಗದ ಎಳೆದಳು.

ಇಡೀ ಕೋಣೆ ಕನ್ನಡಿಯೊಳಗೆ ನಿಂತಿತ್ತು. ಒಂದು ಗೆರೆಯೂ ಇಲ್ಲ.

ಸಾಹೇಬರು ಹೊರಗಿನಿಂದಲೇ ಇಣುಕಿ ನೋಡಿ, ಎರಡೂ ಕೈಯಿಂದ ಮುಖ ಸವರಿಕೊಂಡರು. "ನಾನು ಹೇಳ್ತಿರಲಿಲ್ವಾ," ಅಂದರು ಖುಷಿಯಿಂದ. "ಗೋವಿಂದಯ್ಯನೋರ ಕೈಗುಣ ಎಲ್ಲೂ ಹೋಗಿಲ್ಲ."

ಈ ಮಾತಿಗೆ ಹಾಲಮ್ಮ ಮೂವತ್ತು ವರ್ಷದಿಂದ ಸೆರಗು ಎಳೆದುಕೊಂಡು ನಕ್ಕು ಸುಮ್ಮನಾಗುತ್ತಿದ್ದಳು. ಅವತ್ತೂ ನಗಲು ಹೋದಳು, ನಗು ಬರಲಿಲ್ಲ, ಮಾತು ಬಂತು.

"ಅವರದಲ್ಲ ಸಾಹೇಬ್ರೆ, ನಂದು. ಮೊದಲಿಂದಲೂ ಒಳಗಿನ ಕೆಲಸ ನಂದೇ. ಹೊರಗಿನ ಮೊಳೆ ಅವರದು. ಈಗ ಎರಡೂ ನಂದೇ."

ಜೋರಾಗಿ ಅಂದದ್ದಲ್ಲ. ಆದರೂ ಒಳಗಿದ್ದವರೆಲ್ಲ ತಿರುಗಿ ನೋಡಿದರು. ತಾನು ಅಂದದ್ದು ತನಗೇ ಕೇಳಿಸಿ ಹಾಲಮ್ಮ ನೆಲ ನೋಡುತ್ತಾ ನಿಂತಳು. ಸತ್ತ ಗಂಡನ ಪಾಲು ಕಿತ್ತುಕೊಂಡ ಹಾಗೆ ಆಯಿತೇನೋ ಅನ್ನಿಸಿತು.

ಹೊಸ ಅಂಗಡಿಯಲ್ಲಿ ಮೊದಲು ಕುರ್ಚಿ ಏರುವವರದೇ ಬೋಣಿ. ಅವರ ಕಾಲ್ಗುಣ ಕೈಗುಣ ನೋಡಿಯೇ ಕೂರಿಸುವುದು. ಕರೀಮಾಬಿ ಅದಕ್ಕೆಂದು ಮನೆತುಂಬ ಮಕ್ಕಳು ಮೊಮ್ಮಕ್ಕಳಿರುವ ತನ್ನ ನಾದಿನಿಯನ್ನು ವಾರದ ಹಿಂದೆಯೇ ಗೊತ್ತು ಮಾಡಿದ್ದಳು. ನಾದಿನಿ ಹೊಸ ಸೀರೆ ಉಟ್ಟು ಕುರ್ಚಿಯ ಹತ್ತಿರವೇ ನಿಂತಿದ್ದಳು. ಕರೀಮಾಬಿ ಅವಳ ತೋಳು ಮುಟ್ಟಿ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಹಾಲಮ್ಮನ ಮುಂದೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಮೊಳೆಯ ಗಾಯ, ಹಾಳೆಯ ಕಲೆ, ಉಗುರಿನ ಸಂದಿಯಲ್ಲಿ ಅಂಟಿದ ಬಿಳಿ ಕಾಗದದ ಚೂರು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು," ಅಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಮಗಳ ಕಡೆ ತಿರುಗಿದಳು. "ಅತೀಕಾ, ಬೋಣಿ ಇವರದ್ದು."

ಬೇಡ, ಬೇಡ, ನಾನು ಕೂರಬಾರದು ಅನ್ನುತ್ತಲೇ ಹಾಲಮ್ಮ ಕುರ್ಚಿಯಲ್ಲಿದ್ದಳು. ಹೆಂಗಸರು ಬಿಡುವ ಪೈಕಿಯಲ್ಲ. ಅತೀಕಾ ಹಿಂದೆ ನಿಂತು, ಅವಳ ಗಂಟು ಬಿಚ್ಚಿ, ಬೆರಳಿಗೆ ಎಣ್ಣೆ ಹಚ್ಚಿಕೊಂಡು ಬಾಚಲು ಶುರುಮಾಡಿದಳು. ಮುಂದೆ ತಾನೇ ಕಟ್ಟಿದ ಕನ್ನಡಿ. ಅದರೊಳಗೆ ಬರಿ ಹಣೆಯ, ಹಣ್ಣುಗೂದಲಿನ ಒಬ್ಬಳು ಹೆಂಗಸು ಒಬ್ಬಳೇ ಕೂತಿದ್ದಳು. ವರ್ಷವಿಡೀ ಬೆಳಿಗ್ಗೆ ಬೆಳಿಗ್ಗೆ ಗಂಡನ ಮುಖ ಒರೆಸಿ ಕಳಿಸಿದವಳು ತನ್ನ ಮುಖವನ್ನು ಹೀಗೆ ನೋಡಿಕೊಂಡಿರಲಿಲ್ಲ. ಅವನು ಇನ್ನು ಯಾವ ಲಾರಿಗೂ ಹತ್ತುವುದಿಲ್ಲ. ರಾತ್ರಿ ಮನೆಗೆ ಹೋದರೆ ಅಲ್ಲೂ ಇರುವುದಿಲ್ಲ. ಮನೇಲಿ ಕೂತ್ಕೊಳ್ಳಲಿ ಅಂತ ಜನಾರ್ದನನಿಗೆ ಹೇಳಿದ್ದು ಬಾಯಿಮಾತು. ಗೋವಿಂದಯ್ಯ ಸತ್ತದ್ದು ಅವಳಿಗೆ ಆಗ, ಆ ಕುರ್ಚಿಯಲ್ಲಿ, ಪೂರಾ ತಿಳಿಯಿತು. ಕಣ್ಣಿಂದ ನೀರು ಇಳಿಯಿತು, ಕನ್ನಡಿಯವಳ ಕಣ್ಣಿಂದಲೂ ಇಳಿಯಿತು, ಯಾರೂ ಒರೆಸಿಕೊಳ್ಳಲಿಲ್ಲ.

ಅತೀಕಾ ಬಾಚಣಿಗೆ ನಿಲ್ಲಿಸಿದಳು. "ಎಳೆದು ಬಿಟ್ನಾ ಆಂಟಿ? ನೋವಾಯ್ತಾ?"

"ಹೂಂ ಕಣಮ್ಮ, ಆಯ್ತು," ಅಂದಳು ಹಾಲಮ್ಮ. "ನಿಲ್ಲಿಸಬೇಡ, ಬಾಚು."